ಮೂವತ್ತೊಂಬತ್ತು ಹಲ್ಲು, ಎಂಟು ಹಲ್ಲು

ನನಗೆ ಗಣಿತ ಕಲಿಸಲು ಬರುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಸದಾಶಿವ ಪೇಠದ ಒಂದು ಹಳೇ ವಾಡೆಯ ಮಾಳಿಗೆಯಲ್ಲಿ, ಮಂಡಿ ತಾಗಿಸಿಕೊಂಡು ಕೂರುವಷ್ಟೇ ಜಾಗವಿದ್ದ ಕ್ಲಾಸಿನಲ್ಲಿ, ಬೇರೆಯವರ ಮಕ್ಕಳಿಗೆ ಇಪ್ಪತ್ತು ವರ್ಷ ಅನುಪಾತ, ಪ್ರಮಾಣ ಎಲ್ಲ ಮರಾಠಿಯಲ್ಲಿ ಕಲಿಸಿದ್ದೇನೆ. ಅವರಲ್ಲಿ ಶುದ್ಧ ಮೊದ್ದುಗಳೂ ಕೊನೆಗೆ ಪಾಸಾದರು. ಆದರೆ ನನ್ನದೇ ಮನೆಯಲ್ಲಿ ನನ್ನ ಒಂದು ಭಾಗಾಕಾರವನ್ನು ಒಪ್ಪಿಸಲು ನನಗೆ ನಾಲ್ಕೈದು ತಿಂಗಳು ಬೇಕಾಯಿತು. ಅದನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ.

ನಮ್ಮದು ಧಾರವಾಡ ಕಡೆಯಿಂದ ಈ ಮರಾಠಿ ಊರಿಗೆ ಬಂದ ಮನೆತನ. ನನ್ನ ಯಜಮಾನರೂ ಅವರ ಅಣ್ಣನೂ ಸೇರಿ ಪೇಢೆ, ಕುಂದಾ ಮಾಡುವ ಅಂಗಡಿ ನಡೆಸುತ್ತಿದ್ದರು. ಪೇಢೆಗೆ ಖವಾ ಬೇಕು. ಪೇಟೆಯಲ್ಲಿ ಸಿಗುವ ಖವಾ ಭಾವನವರ ಮೂಗಿಗೆ ಒಗ್ಗುತ್ತಿರಲಿಲ್ಲ. ಕಾತ್ರಜ ಘಾಟ ದಾಟಿ, ಸಾತಾರಾ ರಸ್ತೆ ಬಿಟ್ಟು ಬಲಕ್ಕೆ ಹೊರಳಿ ಒಂದು ತಾಸು ಹೋದರೆ ಗುಡ್ಡದ ಮೇಲೆ ಎಮ್ಮೆ ಸಾಕುವ ಧನಗರರ ಏಳೆಂಟು ಮನೆಗಳಿದ್ದವು. ಅಲ್ಲಿ ಒಬ್ಬ ಮುದುಕಿ ಬೆಳಕು ಹರಿಯುವ ಮೊದಲೇ ಹಾಲನ್ನು ಕಟ್ಟಿಗೆ ಒಲೆಯ ಮೇಲೆ ಕುದಿಸಿ ಖವಾ ಮಾಡಿ, ಎರಡು ಡಬ್ಬಿ ತುಂಬಿಡುತ್ತಿದ್ದಳು. ಅದು ಮಧ್ಯಾಹ್ನದೊಳಗೆ ಅಂಗಡಿ ಮುಟ್ಟಬೇಕು. ತಡವಾದರೆ ಹುಳಿ ವಾಸನೆ ಹಿಡಿಯುತ್ತದೆ. ಅದಕ್ಕಾಗಿಯೇ ಮಿಲಿಟರಿಯವರು ಮಾರಿದ ಒಂದು ಹಳೇ ಜೀಪು ಇಟ್ಟಿದ್ದರು. ದಿನಾ ಬೆಳಿಗ್ಗೆ ಯಜಮಾನರು ಅದನ್ನು ಆಕೆಯ ಅಂಗಳದವರೆಗೂ ಹತ್ತಿಸಿ, ಡಬ್ಬಿ ಇಟ್ಟುಕೊಂಡು ಬರುತ್ತಿದ್ದರು. ಇದು ತೊಂಬತ್ತರ ದಶಕದ ಕೊನೆಯ ಮಾತು.

ಆ ಗುಡ್ಡದ ದಾರಿಯಲ್ಲಿ, ಕೊನೆಯ ಏರಿಗೆ ಸ್ವಲ್ಪ ಮೊದಲು, ಒಂದು ಕಲ್ಲಿತ್ತು. ಎರಡು ಗಾಲಿಗಳ ಜಾಡಿನ ನಡುವೆ ಬೆನ್ನು ಎತ್ತಿಕೊಂಡು ಕೂತಿತ್ತು. ಜೀಪಿನ ಹಿಂದಿನ ಆಕ್ಸಲಿನ ನಡುವೆ ಗೇರು ಕೂರುವ ಕಬ್ಬಿಣದ ದುಂಡು ಹೊಟ್ಟೆ ಇರುತ್ತದೆಯಲ್ಲ, ಅದು ಹೋಗುವಾಗೊಮ್ಮೆ ಬರುವಾಗೊಮ್ಮೆ ಆ ಕಲ್ಲಿಗೆ ಉಜ್ಜುತ್ತಿತ್ತು. ಸಂಕ್ರಾಂತಿಯ ನಂತರ ಒಂದು ದಿನ ಉಜ್ಜುವ ಬದಲು ಬಡಿಯಿತು. ಹೊಟ್ಟೆ ಬಿರುಕು ಬಿಟ್ಟು ಎಣ್ಣೆಯೆಲ್ಲ ದಾರಿಗೆ ಸುರಿಯಿತು. ಬಿರುಕಿಗೆ ಬೆಸುಗೆ ಹಾಕಿಸಿದ್ದಾಯಿತು. ಅದು ಗುಡ್ಡದ ಹಾಸುಬಂಡೆ, ಅದನ್ನೇನೂ ಮಾಡಲಾಗದು, ಗಾಡಿಯನ್ನೇ ಎತ್ತರಿಸಬೇಕು ಎಂದು ಅಣ್ಣತಮ್ಮಂದಿರು ತೀರ್ಮಾನಿಸಿದರು. ನನಗೂ ಅದು ಸರಿಯೆನಿಸಿತು, ಸುಳ್ಳು ಹೇಳುವುದಿಲ್ಲ.

ಎತ್ತರದ ಟೈರುಗಳು ಬಂದವು. ಹಳೆಯವನ್ನು ಅದೇ ಟೈರಿನವನಿಗೆ ಕೊಟ್ಟುಬಿಟ್ಟರು. ಭಾವನವರು ನಾಲ್ಕೂ ಗಾಲಿಗೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ನಾನು ರವಿಕೆ ಅಳೆಯುವ ಟೇಪು ಹಿಡಿದು ಅಳೆದೆ. ಹಳೆಯ ಟೈರು ಇಪ್ಪತ್ತೆಂಟು ಇಂಚು ಎತ್ತರವಿತ್ತು, ಇದು ಮೂವತ್ತೆರಡು. ಜೀಪು ನೋಡಲು ಠೀವಿಯಾಗಿಯೇ ಇತ್ತು, ಓಣಿಯವರೆಲ್ಲ ಬಂದು ನೋಡಿ ಹೋದರು.

ಮರುದಿನ ಜೀಪು ಗುಡ್ಡ ಹತ್ತಲಿಲ್ಲ. ಕಲ್ಲನ್ನೇನೋ ದಾಟಿತು. ಅದರ ಮೇಲಿನ ಕೊನೆಯ ಏರಿನಲ್ಲಿ ಮೊದಲ ಗೇರಿನಲ್ಲೇ ಉಸಿರುಗಟ್ಟಿ ನಿಂತಿತು. ಎಳೆದಷ್ಟೂ ಕ್ಲಚ್ಚು ಸುಟ್ಟ ವಾಸನೆ. ಗುಡ್ಡಕ್ಕೆಂದೇ ಇರುವ ಲೋ ಗೇರು ಸವೆದುಹೋಗಿ, ಏರಿನ ನಡುವೆ ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಕೊನೆಗೆ ಯಜಮಾನರು ಜೀಪನ್ನು ಹಿಂದಕ್ಕೆ ಇಳಿಸಿ, ಗಾಡಿ ತಿರುಗಿಸಲು ಜಾಗವಿದ್ದ ಬಹಳ ಕೆಳಗಿನ ತಿರುವಿನಲ್ಲಿ ನಿಲ್ಲಿಸಿ ಹಾರ್ನ್ ಹೊಡೆದರು. ಮುದುಕಿ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತು ಇಳಿದು ಬಂದಳು. ಅಂದಿನಿಂದ ದಿನವೂ ಅದೇ ಆಯಿತು.

ಯುಗಾದಿ ಮುಗಿದ ಮೇಲೆ, ಕ್ಲಾಸಿಗೆ ರಜೆ ಇದ್ದ ದಿನ, ನಾನೂ ಹೋಗಿದ್ದೆ. ಹಾರ್ನ್ ಹೊಡೆದು ಮುಕ್ಕಾಲು ತಾಸು ಕಾದೆವು. ಆಕೆ ಬಲ ಮಂಡಿಗೆ ಹಳೇ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಒಂದು ಕೈ ಡಬ್ಬಿಗೆ, ಒಂದು ಕೈ ಕೋಲಿಗೆ. ಪ್ರತಿ ಹೆಜ್ಜೆಗೂ ಎಡಗಾಲನ್ನೇ ಮೊದಲು ಇಳಿಸುತ್ತಿದ್ದಳು. ಮಗ ಎಮ್ಮೆಗಳ ಹಿಂದೆ ಆಚೆ ಗುಡ್ಡಕ್ಕೆ ಹೋಗಿರುತ್ತಾನೆ, ಸೊಸೆಗೆ ಕೂಸು ಇನ್ನೂ ಚಿಕ್ಕದು, ಹಾಗಾಗಿ ತಾನೇ ಇಳಿಯುತ್ತೇನೆ ಎಂದಳು. ನನಗೆ ನಾಚಿಕೆಯಾಯಿತು. ಗಾಡಿಗೆ ಸ್ವಲ್ಪ ತೊಂದರೆಯಿದೆ, ದಸರೆಯೊಳಗೆ ನಿಮ್ಮ ಅಂಗಳಕ್ಕೇ ತರುತ್ತೇವೆ ಎಂದು ನಾನಾಗಿಯೇ ಮಾತು ಕೊಟ್ಟೆ. ಯಜಮಾನರು ನನ್ನ ಕಡೆ ನೋಡಿ ಡಬ್ಬಿಗಳನ್ನು ಗಾಡಿಗೆ ಏರಿಸಿದರು.

ಮಾತು ಕೊಟ್ಟ ಮೇಲೆ ನಾನೇ ತಲೆ ಹಾಕಿದೆ. ಕಾತ್ರಜದಲ್ಲಿ ಜೀಪು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದ, ಬಿಜಾಪುರ ಕಡೆಯವನು. ಅವನಿಂದ ತಿಳಿದದ್ದು ಇಷ್ಟು. ಆಕ್ಸಲಿನ ಹೊಟ್ಟೆಯೊಳಗೆ ಎರಡು ಹಲ್ಲಿನ ಗಾಲಿಗಳಿರುತ್ತವೆ. ದೊಡ್ಡದಕ್ಕೆ ಕ್ರೌನ್, ಸಣ್ಣದಕ್ಕೆ ಪಿನಿಯನ್ ಎನ್ನುತ್ತಾರೆ. ನಮ್ಮ ಜೀಪಿನಲ್ಲಿ ಕ್ರೌನಿಗೆ ನಲವತ್ತೇಳು ಹಲ್ಲು, ಪಿನಿಯನ್ನಿಗೆ ಹನ್ನೊಂದು. ಭಾಗಿಸಿದರೆ ನಾಲ್ಕೂಕಾಲಿಗಿಂತ ಚೂರು ಹೆಚ್ಚು. ಅಂದರೆ ಪಿನಿಯನ್ ನಾಲ್ಕೂಕಾಲು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಟೈರು ದೊಡ್ಡದಾದಾಗ ಅದೇ ಒಂದು ಸುತ್ತಿಗೆ ಜೀಪು ಹೆಚ್ಚು ದೂರ ಹೋಗಬೇಕಾಗುತ್ತದೆ, ಎಂಜಿನ್ನಿಗೆ ಅದು ಎಳೆಯಲಾಗದ ಭಾರ. ಟೈರು ಎಷ್ಟು ಪಟ್ಟು ಬೆಳೆದಿದೆಯೋ ಗೇರಿನ ಲೆಕ್ಕವೂ ಅಷ್ಟೇ ಪಟ್ಟು ಬೆಳೆಯಬೇಕು. ಇದು ಏಳನೇ ಇಯತ್ತೆಯ ಗಣಿತ. ಇಪ್ಪತ್ತೆಂಟಕ್ಕೆ ಮೂವತ್ತೆರಡು, ಅಂದರೆ ಏಳಕ್ಕೆ ಎಂಟು. ಗುಣಿಸಿ ಭಾಗಿಸಿದೆ. ಐದಕ್ಕೆ ಚೂರು ಕಡಿಮೆ ಬಂತು. ಆ ಲೆಕ್ಕದ ಗೇರು ಸಿಗುತ್ತದೆಯೇ ಎಂದು ಕೇಳಿದೆ. ಮೂವತ್ತೊಂಬತ್ತು ಹಲ್ಲಿಗೆ ಎಂಟು ಹಲ್ಲಿನದೊಂದು ಬರುತ್ತದೆ ಎಂದ. ಹೇಳಿ ಮಾಡಿಸಿದ ಹಾಗಿತ್ತು. ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ಒಂದೇ ಲೆಕ್ಕದ ಗೇರಿರಬೇಕು, ಹಾಗಾಗಿ ಎರಡು ಜೋಡಿ ಬೇಕು ಎಂದೂ ಹೇಳಿದ.

ಇನ್ನು ಉಳಿದದ್ದು ಭಾವನವರಿಗೆ ತಿಳಿಸುವುದು. ನಮ್ಮ ಮನೆಯಲ್ಲಿ ನಾನು ಭಾವನವರೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ, ಅವರೂ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಒಂದೇ ಕೋಣೆಯಲ್ಲಿ ಕೂತಿದ್ದರೂ ನಡುವೆ ಯಜಮಾನರು ಬೇಕು. ನಾನು ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟೆ. ಅವರು ಅದನ್ನು ಅಣ್ಣನ ಮುಂದಿಟ್ಟರು. ಭಾವನವರು ಹಾಳೆಯನ್ನು ನೋಡಿದರು, ಮಡಚಿದರು, ಅದರ ಮೇಲೆ ಚಹಾದ ಕಪ್ಪು ಇಟ್ಟರು.

“ಅಕಿಗೆ ಹೇಳು, ಗಾಡಿ ಕಾಪಿ ಪುಸ್ತಕದಾಗ ಓಡೂದಿಲ್ಲ.”

ಅವರಿಗೆ ಬೇರೆ ಗುರು ಸಿಕ್ಕಿದ್ದ. ವಿಮಾನ ನಗರದಿಂದ ಪೇಢೆಗೆಂದು ಬರುತ್ತಿದ್ದ ಒಬ್ಬ ಗಿರಾಕಿ. ರವಿವಾರ ಮಜಾಕ್ಕಾಗಿ ಕೆಸರಿನಲ್ಲಿ ಜೀಪು ಓಡಿಸುವವನು. ಅವನು ತನ್ನ ಜೀಪಿಗೆ ನಲವತ್ತಮೂರಕ್ಕೆ ಎಂಟರ ಗೇರು ಹಾಕಿಸಿ, ಗೋಡೆಯನ್ನೂ ಹತ್ತುತ್ತದೆ ಎಂದಿದ್ದ. ಹತ್ತುತ್ತದೆ, ನಿಜ. ಆದರೆ ನಾವು ಗೋಡೆ ಹತ್ತಬೇಕಿರಲಿಲ್ಲ. ಹತ್ತಿ ಇಳಿದ ಮೇಲೆ ಖವಾ ಇಟ್ಟುಕೊಂಡು ಸಾತಾರಾ ರಸ್ತೆಯಲ್ಲಿ ಮಧ್ಯಾಹ್ನದೊಳಗೆ ಓಡಿ ಬರಬೇಕಿತ್ತು. ಆ ಗೇರು ಹಾಕಿದರೆ ಹೈವೇಯಲ್ಲಿ ಎಂಜಿನ್ನು ಕಿರುಚಿಕೊಳ್ಳುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇದನ್ನೂ ಬರೆದು ಕೊಟ್ಟೆ. ಆ ಹಾಳೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಯಜಮಾನರು ಇಬ್ಬರಿಗೂ ಹೂಂ ಅನ್ನುತ್ತಿದ್ದರು. ಹೂಂ ಅನ್ನುವವರ ಮೇಲೆ ಬರುವ ಸಿಟ್ಟು ಇಲ್ಲ ಅನ್ನುವವರ ಮೇಲೂ ಬರುವುದಿಲ್ಲ.

ಭಾವನವರು ಗುಜರಿ ಸಾಮಾನು ಮಾರುವ ಜುನಾ ಬಾಜಾರದಿಂದ ನಲವತ್ತಮೂರರ ಒಂದು ಜೋಡಿ ತಂದರು. ಎರಡನೆಯ ಜೋಡಿ ಸಿಗಲಿಲ್ಲ. ವೈಶಾಖ ಹೋಯಿತು, ಮಳೆಗಾಲ ಬಂತು, ಪ್ರತಿ ರವಿವಾರ ಹುಡುಕುವುದು, ಬರಿಗೈಯಲ್ಲಿ ಬರುವುದು. ಮಳೆಯಲ್ಲಿ ಆ ಗುಡ್ಡದ ಮಣ್ಣು ಬೆಣ್ಣೆಯ ಹಾಗೆ ಜಾರುತ್ತದೆ. ಮುದುಕಿ ತಲೆಯ ಮೇಲೆ ಡಬ್ಬಿ, ಅದರ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ಇಳಿಯುತ್ತಾಳೆ ಎಂದು ಯಜಮಾನರು ಬಂದು ಹೇಳುತ್ತಿದ್ದರು. ನಾನು ಊಟಕ್ಕೆ ಬಡಿಸುತ್ತ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಪಾತ್ರೆ ಏನು ತಪ್ಪು ಮಾಡಿತು ಎಂದು ಕೇಳುತ್ತಿದ್ದಳು.

ಶ್ರಾವಣದಲ್ಲಿ ಅದೇ ವಿಮಾನ ನಗರದ ಗಿರಾಕಿ ಪೇಢೆ ಕಟ್ಟಿಸಿಕೊಳ್ಳುತ್ತ, ತನ್ನ ಜೀಪು ಹೈವೇಯಲ್ಲಿ ಎತ್ತಿನ ಗಾಡಿಯ ಹಾಗೆ ಹೋಗುತ್ತದೆ ಎಂದು ನಗುತ್ತ ಹೇಳಿದನಂತೆ. ಅಂದು ಸಂಜೆ ಭಾವನವರು ಗೋಡೆಗೆ ಹೇಳುವ ಹಾಗೆ, ಆ ಮೂವತ್ತೊಂಬತ್ತರದು ಎಲ್ಲಿ ಸಿಗುತ್ತದೋ ನೋಡು ಎಂದರು. ನನ್ನ ಭಾಗಾಕಾರ ಗೆದ್ದದ್ದು ಹೀಗೆ, ಗಿರಾಕಿಯ ಬಾಯಿಂದ.

ನಾನೇ ಸೀಮೆಸುಣ್ಣ ಹಿಡಿದು ಮಿಸ್ತ್ರಿಯೊಂದಿಗೆ ಜುನಾ ಬಾಜಾರಕ್ಕೆ ಹೋದೆ. ಒಂದು ಹಲ್ಲಿಗೆ ಗುರುತು ಹಾಕಿ, ಅಲ್ಲಿಂದ ಸುತ್ತಲೂ ಎಣಿಸಬೇಕು. ಗುಜರಿಯವರು ನಕ್ಕರು, ಒಬ್ಬ ನನಗೆ ಸ್ಟೂಲು ತಂದಿಟ್ಟ. ಬೇರೆ ಬೇರೆ ಗಾಡಿಗಳಿಂದ ಬಿಚ್ಚಿದ ಎರಡು ಜೋಡಿ ಸಿಕ್ಕವು. ಮೂವತ್ತೊಂಬತ್ತು, ಎಂಟು. ಮೂವತ್ತೊಂಬತ್ತು, ಎಂಟು. ಇನ್ನೇನು ಕೂರಿಸುವುದಷ್ಟೇ ಎಂದುಕೊಂಡೆ.

ಆದರೆ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಇನ್ನೂ ಮೂರು ವಾರವಿತ್ತು. ಪೂಜೆಯಾಗದೆ ಗಾಡಿಗೆ ಬೇರೆ ಕಬ್ಬಿಣ ಸೇರಿಸುವ ಹಾಗಿಲ್ಲ ಎಂದರು ಭಾವನವರು. ಟೈರು ಹಾಕಿಸುವಾಗ ಈ ನೇಮ ಎಲ್ಲಿತ್ತು ಎಂದು ಕೇಳಬೇಕೆನಿಸಿತು. ಕೇಳಲು ನಡುವೆ ಯಜಮಾನರು ಬೇಕಲ್ಲ, ಅವರು ಹೂಂ ಅಂದಾಗಿತ್ತು. ಮೂರು ವಾರ ಆ ನಾಲ್ಕು ತುಂಡುಗಳು ನಮ್ಮ ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದವು. ಮುದುಕಿ ಇಳಿಯುತ್ತಿದ್ದಳು.

ಖಂಡೇಪೂಜೆಯ ಬೆಳಿಗ್ಗೆ ಅವುಗಳನ್ನು ತೊಳೆಯುವ ಕೆಲಸ ನನ್ನದಾಯಿತು. ಗ್ರೀಸು ಮೆತ್ತಿ ಕಪ್ಪಗಿದ್ದವು. ಸೀಮೆಎಣ್ಣೆಯಲ್ಲಿ ನೆನೆಸಿ ತೆಂಗಿನ ನಾರಿನಿಂದ ತಿಕ್ಕಿದೆ. ಒಂದು ಜೋಡಿಯ ಮೇಲೆ ಬಿಳಿ ಬಣ್ಣದ ಒಂದು ಗೀಟು, ಇನ್ನೊಂದರ ಮೇಲೆ ಎರಡು ಗೀಟು ಇದ್ದವು. ಗುಜರಿಯವನ ಯಾವುದೋ ಗುರುತು ಎಂದುಕೊಂಡು ಅವನ್ನೂ ತಿಕ್ಕಿ ತೆಗೆದೆ. ಒಣಗಲು ಬಿಸಿಲಿಗೆ ಇಟ್ಟೆ, ತಂದೆ, ಮಣೆಯ ಮೇಲೆ ಜೋಡಿಸಿದೆ. ಯಾವ ಕ್ರೌನಿನ ಪಕ್ಕಕ್ಕೆ ಯಾವ ಪಿನಿಯನ್ ಬಂತೋ ನೋಡಲಿಲ್ಲ. ನೋಡುವುದೇನಿದೆ? ಮೂವತ್ತೊಂಬತ್ತಕ್ಕೆ ಎಂಟು, ಎರಡೂ ಕಡೆ ಸಮ. ಅರಿಷಿಣ, ಕುಂಕುಮ, ಚೆಂಡುಹೂವು ಏರಿಸಿದೆವು. ಮರುದಿನ ಬನ್ನಿ ಕೊಟ್ಟು ಮುಗಿದ ಮೇಲೆ ಯಜಮಾನರು ಅವನ್ನು ಕಾತ್ರಜಕ್ಕೆ ಒಯ್ದರು. ಜೋಡಿ ಇದ್ದ ಹಾಗೇ ಇಟ್ಟಿದ್ದೀರಲ್ಲ ಎಂದು ಮಿಸ್ತ್ರಿ ಕೇಳಿ ಕಳಿಸಿದ್ದ. ಹೌದು ಎಂದು ಹೇಳಿ ಕಳಿಸಿದೆ.

ಗೇರು ಕೂತಿತು. ಜೀಪು ಎಳೆಯತೊಡಗಿತು. ಕೊನೆಯ ಏರಿನ ಮುಕ್ಕಾಲು ಭಾಗ ಹತ್ತಿದೆ, ಹೊಸದರಲ್ಲಿ ಹೆಚ್ಚು ಒತ್ತಡ ಬೇಡ ಎಂದು ಇನ್ನೂ ಅಂಗಳಕ್ಕೆ ಒಯ್ದಿಲ್ಲ ಎಂದರು ಯಜಮಾನರು. ಕೆಳಗಿನಿಂದ ಒಂದು ಊಳಿಡುವ ಸದ್ದು ಬರುತ್ತದೆ ಎಂದೂ ಹೇಳಿದರು. ಪಳಗಿದರೆ ಹೋಗುತ್ತದೆ ಎಂದರು ಭಾವನವರು. ಹೋಗಲಿಲ್ಲ. ದೀಪಾವಳಿಗೆ ನಾಲ್ಕು ದಿನವಿದ್ದಾಗ, ಊರೆಲ್ಲ ಪೇಢೆ ಕೇಳುವ ಹೊತ್ತಿಗೆ, ಅದೇ ಏರಿನಲ್ಲಿ ಹಿಂದಿನ ಹೊಟ್ಟೆಯೊಳಗೆ ಫಡಕ್ಕೆಂದಿತು. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು.

ಮಿಸ್ತ್ರಿ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಪಿನಿಯನ್ನಿನ ಮೂರು ಹಲ್ಲು ಮುರಿದಿದ್ದವು. ಅವನು ಕ್ರೌನನ್ನು ಬೆಳಕಿಗೆ ಹಿಡಿದು, ಪಿನಿಯನ್ನನ್ನು ಅದರ ಪಕ್ಕ ಇಟ್ಟು, ಬಹಳ ಹೊತ್ತು ನೋಡಿದ. ಆಮೇಲೆ ತಾನು ಬಿಳಿ ಬಣ್ಣದಲ್ಲಿ ಹಾಕಿದ್ದ ಗೀಟು ಎಲ್ಲಿ ಎಂದು ಕೇಳಿದ. ತೊಳೆದದ್ದನ್ನು ಹೇಳಿದೆ. ಎರಡೂ ಒಂದೇ ಲೆಕ್ಕವಲ್ಲವೇ ಎಂದೆ.

“ಲೆಕ್ಕ ಬರೋಬ್ಬರಿ ಅದರಿ ಅಕ್ಕಾರ. ಆದ್ರ ಇವು ವರ್ಷಾನುಗಟ್ಟಲೆ ಒಂದಕ್ಕೊಂದು ತಿಕ್ಕಿಕೊಂಡು ಸವದಾವ. ಒಂದು ಜೋಡಿಯ ಹಲ್ಲು ಇನ್ನೊಂದು ಜೋಡಿಯ ಸಂದಿನಾಗ ಕೂಡೂದಿಲ್ಲ.”

ಬೈದಿದ್ದರೆ ತಿರುಗಿ ನಾನೂ ಏನಾದರೂ ಅನ್ನಬಹುದಿತ್ತು. ಅವನು ಬೈಯಲಿಲ್ಲ. ಅಷ್ಟು ವರ್ಷ ಕಲಿಸಿದ ಗಣಿತವೆಲ್ಲ ನನ್ನ ಕೈಯಲ್ಲೇ ಕಹಿಯಾಯಿತು. ಸಮ ಎಂದರೆ ಸಮ, ಅದರಾಚೆ ನಾನು ಯೋಚಿಸಿರಲೇ ಇಲ್ಲ. ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ, ಅವರು ಅಣ್ಣನಿಗೆ ಹೇಳಿದರು. ಭಾವನವರು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಅಕಿಗೆ ಹೇಳು, ಮುಂದಿನ ವರ್ಷ ಲಟ್ಟಣಗಿ ಅಷ್ಟ ಪೂಜಿಗೆ ಇಡಲಿ.”

ಅಡಿಗೆಮನೆಯಲ್ಲಿ ಕೂತು ಅತ್ತೆ. ಅವಮಾನಕ್ಕಿಂತ ಹೆಚ್ಚಾಗಿ ದಸರೆಯ ಮಾತಿಗೆ ಅತ್ತೆ.

ಮುಂದಿನದನ್ನೂ ಬಿಚ್ಚಿ ಸರಿಯಾಗಿ ಜೊತೆಗೂಡಿಸಿದಾಗ ಒಂದು ಜೋಡಿ ಉಳಿಯಿತು, ಇನ್ನೊಂದಕ್ಕಾಗಿ ಮತ್ತೆ ಹುಡುಕಾಟ. ಜೀಪು ಕಾತ್ರಜದ ಗ್ಯಾರೇಜಿನಲ್ಲಿ ಇಟ್ಟಿಗೆಗಳ ಮೇಲೆ ನಿಂತಿತು. ಬಾಡಿಗೆ ಟೆಂಪೊ ಕೆಳಗಿನ ತಿರುವಿನವರೆಗೆ ಹೋಗಿ ಡಬ್ಬಿ ತರುತ್ತಿತ್ತು. ನಾನು ಪ್ರತಿ ರವಿವಾರ ಬಾಜಾರಕ್ಕೆ ಹೋದೆ. ಸ್ಟೂಲು ಈಗ ನನ್ನದೇ ಆಗಿತ್ತು. ಕೊನೆಗೆ ಮರುವರ್ಷದ ಚೈತ್ರದಲ್ಲಿ, ಒಂದೇ ಹೊಟ್ಟೆಯಲ್ಲಿ ಇನ್ನೂ ಕೂತಿದ್ದ ಜೋಡಿಯೊಂದು ಸಿಕ್ಕಿತು. ಬಿಚ್ಚಲು ಬಿಡದೆ ಹೊಟ್ಟೆ ಸಮೇತ ಒಯ್ದೆವು. ಈ ಸಲ ಪೂಜೆಯ ಮಾತು ಯಾರೂ ಎತ್ತಲಿಲ್ಲ.

ಮೊದಲ ದಿನ ಮೂವರೂ ಹೋದೆವು. ಮುಂದೆ ಅಣ್ಣತಮ್ಮಂದಿರು, ಹಿಂದೆ ಖಾಲಿ ಡಬ್ಬಿಗಳೊಂದಿಗೆ ನಾನು. ಕಾತ್ರಜ ಘಾಟ ಹತ್ತುವಾಗ ಊಳಿಡುವ ಸದ್ದಿರಲಿಲ್ಲ. ಹೈವೇಯಲ್ಲಿ ಎಂಜಿನ್ನು ಕಿರುಚಲಿಲ್ಲ. ಮಣ್ಣಿನ ದಾರಿ ಬಂತು, ಕೆಳಗಿನ ತಿರುವು ದಾಟಿತು. ಕಲ್ಲು ಬಂದಾಗ ನಾನು ಬಗ್ಗಿ ಕೆಳಗಿನ ಸದ್ದಿಗೆ ಕಿವಿಗೊಟ್ಟೆ. ಹೊಟ್ಟೆ ತಾಗಲಿಲ್ಲ, ಮೇಲಿಂದ ಸುಮ್ಮನೆ ಹಾದುಹೋಯಿತು. ಕೊನೆಯ ಏರನ್ನು ಜೀಪು ಮೊದಲ ಗೇರಿನಲ್ಲಿ ಗೊಣಗದೆ ಹತ್ತಿತು. ಆ ಎರಡು ನಿಮಿಷ ನನಗಾದ ಸಂತೋಷ ಯಾವ ವಿದ್ಯಾರ್ಥಿಯ ರಿಸಲ್ಟಿಗೂ ಆಗಿಲ್ಲ. ಭಾವನವರು ಹಿಂದೆ ತಿರುಗಿ, ಯಜಮಾನರ ಕಡೆ ನೋಡದೆ, ನನ್ನನ್ನೇ ನೋಡಿ ತಲೆಯಾಡಿಸಿದರು.

ಮುದುಕಿ ಕೋಲು ಹಿಡಿದು ಇಳಿಯಲು ಸಿದ್ಧಳಾಗಿ ಅಂಗಳದಲ್ಲಿ ನಿಂತಿದ್ದಳು. ಜೀಪು ನೋಡಿ ಕೂತುಬಿಟ್ಟಳು. ಸೊಸೆ ಚಹಾ ತಂದಳು. ಮಗ ಅಂದು ಮನೆಯಲ್ಲೇ ಇದ್ದ. ಯಜಮಾನರಿಗೆ ಉತ್ಸಾಹ ತಡೆಯಲಾಗಲಿಲ್ಲ. ಟೈರು, ಗೇರು, ಹಲ್ಲು, ಹದಿನೈದು ತಿಂಗಳ ಕತೆಯನ್ನೆಲ್ಲ ಮರಾಠಿಯಲ್ಲಿ ಹೇಳಿ, ಇಷ್ಟೆಲ್ಲ ಮಾಡಿದ್ದು ಆ ಹಾಸುಬಂಡೆಗಾಗಿ ಎಂದರು.

ಯಾವ ಹಾಸುಬಂಡೆ ಎಂದು ಮುದುಕಿ ಕೇಳಿದಳು. ತೋರಿಸಿದರು. ಆಕೆ ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅದು ಬಂಡೆಯಲ್ಲ. ಮಳೆನೀರು ತಿರುಗಿಸಲು ನಮ್ಮ ಮಾವ ತಂದು ಹೂತ ಕಲ್ಲು. ಈಗ ನೀರೇ ಆ ಕಡೆ ಬರುವುದಿಲ್ಲ.”

ಮಗ ಎದ್ದು ಹಾರೆ ತೆಗೆದುಕೊಂಡು ಹೋದ. ನಾವು ಅಂಗಳದ ಅಂಚಿಗೆ ಹೋಗಿ ನಿಂತು ನೋಡಿದೆವು. ಅವನು ಬುಡದ ಮಣ್ಣು ಕೆದರಿದ, ಹಾರೆ ತೂರಿಸಿದ, ಎರಡು ಸಲ ಮೈಭಾರ ಹಾಕಿದ. ಕಲ್ಲು ಮಗ್ಗುಲಾಗಿ ಹೊರಳಿ ಇಳಿಜಾರಿನ ಗಿಡಗಂಟಿಯಲ್ಲಿ ಹೋಗಿ ಬಿತ್ತು. ನನ್ನ ಕೈಯಲ್ಲಿದ್ದ ಚಹಾ ಇನ್ನೂ ಬಿಸಿಯಾಗಿತ್ತು.

ಇಡೀ ವರ್ಷ ನಾನು ಕೊರಗಿದ್ದು ಒಂದೇ ಮಾತಿಗೆ, ಈ ಮನೆಯಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ ಎಂದು. ಯುಗಾದಿಯ ನಂತರದ ಆ ದಿನ ಈಕೆ ನನ್ನ ಮುಂದೆಯೇ ನಿಂತಿದ್ದಳು. ಮಂಡಿಯನ್ನು ನೋಡಿದೆ, ಮಾತು ಕೊಟ್ಟೆ, ಗಾಡಿಗೆ ಸ್ವಲ್ಪ ತೊಂದರೆ ಎಂದೆ. ಏನು ತೊಂದರೆ ಎಂದು ಆಕೆಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೇರಿನ ವಿಷಯ ಈಕೆಗೇನು ಗೊತ್ತು ಎಂದುಕೊಂಡಿದ್ದೆ.

ಮುದುಕಿ ನನ್ನ ಪಕ್ಕಕ್ಕೆ ಬಂದು, ಕಲ್ಲು ಎದ್ದ ಗುಂಡಿಯನ್ನು ನೋಡುತ್ತ ನಿಂತಳು. ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

“ಹಾಗಾದರೆ ವೈನಿ, ನಾನು ಇಷ್ಟು ದಿನ ಇಳಿದದ್ದು ಈ ಕಲ್ಲಿಗಾಗಿಯೇ?”

ಹೌದು ಎಂದೆ.

ಆಕೆ ತಲೆಯಾಡಿಸಿ, ರೂಢಿಯಂತೆ ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ಡಬ್ಬಿ ಎತ್ತಲು ಬಗ್ಗಿದಳು. ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡೆ. ಜೀಪು ಹತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು.